ಮದುವೆ ಮುರಿದ ಮೇಲೂ ಉಳಿದ ದಾಂಪತ್ಯ

1826ರಲ್ಲಿ ಜರ್ಮನಿಯ ಒಬ್ಬ ಸಣ್ಣ ರಾಜಕುಮಾರನೂ ಅವನ ಹೆಂಡತಿಯೂ ವಿಚ್ಛೇದನ ಪಡೆದರು. ಜಗಳವಿರಲಿಲ್ಲ, ಮನಸ್ತಾಪವಿರಲಿಲ್ಲ. ಇಬ್ಬರೂ ಜೀವ ತೇಯ್ದು ಬೆಳೆಸುತ್ತಿದ್ದ ಉದ್ಯಾನ ಸಾಲದಲ್ಲಿ ಮುಳುಗಿತ್ತು. ಗಂಡ ಇಂಗ್ಲೆಂಡಿಗೆ ಹೋಗಿ ಸಿರಿವಂತೆಯೊಬ್ಬಳನ್ನು ಮದುವೆಯಾದರೆ ಉದ್ಯಾನ ಉಳಿಯುತ್ತದೆ ಎಂಬ ಉಪಾಯ ಹೊಳೆದದ್ದು ಹೆಂಡತಿಗೇ! ಈ ಸಂಗತಿ ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಅವನ ಹೆಸರು ಹರ್ಮನ್ ಫಾನ್ ಪ್ಯೂಕ್ಲರ್-ಮುಸ್ಕಾವ್. ಹರೆಯದಲ್ಲಿ ಡ್ರೆಸ್ಡೆನ್‌ನ ಅಶ್ವದಳದಲ್ಲಿ ಅಧಿಕಾರಿ. ಸಾಲಕ್ಕೂ ದುಂದಿಗೂ ಹೆಸರಾದವನು. ಅಂಥವನ ಕೈಗೆ ತಂದೆಯ ಮುಸ್ಕಾವ್ ಜಹಗೀರು ಬಂದಾಗ ಅವನಿಗೆ ಮರಗಿಡಗಳ ಹುಚ್ಚು ಹಿಡಿಯಿತು. 1815ರಿಂದ ನೈಸೆ ನದಿಯ ಎರಡೂ ದಂಡೆಗಳಲ್ಲಿ ಉದ್ಯಾನ ಹಬ್ಬತೊಡಗಿತು. 1817ರಲ್ಲಿ ಲೂಸಿಯ ಕೈಹಿಡಿದ. ಪ್ರಷ್ಯದ ಚಾನ್ಸಲರ್ ಹಾರ್ಡೆನ್‌ಬರ್ಗ್‌ನ ಮಗಳಾದ ಅವಳು ಇವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳಿಗದು ಎರಡನೆಯ ಮದುವೆ. ಆ ಸಂಬಂಧದಲ್ಲಿ ಹಣದ ಲೆಕ್ಕಾಚಾರವೂ ಇತ್ತು. ಆದರೆ ಲೂಸಿಗೂ ಉದ್ಯಾನದ ಹುಚ್ಚು ಹತ್ತಿತು, ಲೆಕ್ಕಾಚಾರ ಹಿಂದೆ ಸರಿಯಿತು.

ಇಂಗ್ಲೆಂಡಿನಲ್ಲಿ ಅವನಿಗೆ ವಧು ಸಿಗಲಿಲ್ಲ. ಬಂದದ್ದು ಯಾಕೆಂದು ಊರಿಗೆಲ್ಲ ತಿಳಿದುಹೋಗಿತ್ತು. ಅವನು ಮಾತ್ರ ಕಂಡ ಉದ್ಯಾನ, ಕೂತ ಔತಣ, ಭೇಟಿಯಾದ ಹೆಣ್ಣುಗಳು ಎಲ್ಲವನ್ನೂ ಲೂಸಿಗೆ ಉದ್ದುದ್ದ ಪತ್ರಗಳಲ್ಲಿ ಬರೆಯುತ್ತಲೇ ಇದ್ದ. 1829ರಲ್ಲಿ ಬರಿಗೈಯಲ್ಲಿ ಮರಳಿದ. ಮರುವರ್ಷ ಆ ಪತ್ರಗಳೇ ಹೆಸರಿಲ್ಲದ ಲೇಖಕನ ಪುಸ್ತಕವಾಗಿ ಬಂದವು. ಕವಿ ಗಯಟೆ ಮೆಚ್ಚಿ ಬರೆದ. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ವರದಕ್ಷಿಣೆ ತರಲು ಹೋದವನಿಗೆ ಬಿಟ್ಟ ಹೆಂಡತಿಗೆ ಬರೆದ ಓಲೆಗಳೇ ಹಣ ತಂದುಕೊಟ್ಟವು.

ಈ ಬೆರಗು ಕಣ್ಣು ಕಟ್ಟಬಾರದು. ಮುಂದೆ ಈಜಿಪ್ಟಿನ ಕಡೆ ಹೋದಾಗ ಅವನು ಗುಲಾಮರ ಮಾರುಕಟ್ಟೆಯಲ್ಲಿ ಇಥಿಯೋಪಿಯಾ ಕಡೆಯ ಎಳೆಯ ಹುಡುಗಿಯೊಬ್ಬಳನ್ನು ಕೊಂಡ. ಮಖ್ಬೂಬಾ ಎಂದು ಕರೆಸಿಕೊಂಡ ಅವಳು ಮುಸ್ಕಾವ್‌ಗೆ ಬಂದ ಕೆಲವೇ ವಾರಗಳಲ್ಲಿ, 1840ರಲ್ಲಿ, ತೀರಿಹೋದಳು. ಅವಳನ್ನು ಕೊಂಡದ್ದು ಪ್ರೀತಿಯ ಲೆಕ್ಕಕ್ಕೆ ಸೇರುವುದಿಲ್ಲ.

1845ರಲ್ಲಿ ಮುಸ್ಕಾವ್ ಮಾರಲೇಬೇಕಾಯಿತು. ಆಗ ಅವನಿಗೆ ಅರವತ್ತರ ಹತ್ತಿರ. ಕಾಟ್‌ಬುಸ್ ಬಳಿಯ ಬ್ರಾನಿಟ್ಸ್‌ನ ಬಟ್ಟಬಯಲಲ್ಲಿ ಮತ್ತೆ ಮೊದಲಿನಿಂದ ತೊಡಗಿದ. ಕೆರೆ ತೋಡಿದ ಮಣ್ಣಿನಿಂದಲೇ ದಿಣ್ಣೆ ಎಬ್ಬಿಸಿದ. ಬೆಳೆದ ಮರಗಳನ್ನು ಬೇರಿನ ಹೆಂಟೆಸಹಿತ ಅಗೆದು, ಗಾಡಿಯ ಮೇಲೆ ಹೇರಿ ತರಿಸಿ ನೆಡಿಸಿದ. ಲೂಸಿಯೂ ಅಲ್ಲಿಗೇ ಬಂದಳು, 1854ರಲ್ಲಿ ಅಲ್ಲೇ ಕಣ್ಮುಚ್ಚಿದಳು. ಅವನು 1871ರಲ್ಲಿ ಸತ್ತ. ಕೆರೆಯ ನಡುವೆ ಅವನು ಕಟ್ಟಿಸಿದ್ದ ಮಣ್ಣಿನ ಪಿರಮಿಡ್ಡಿನಲ್ಲಿ ಅವನ ಸಮಾಧಿಯಾಯಿತು; 1884ರಲ್ಲಿ ಲೂಸಿಯ ಅವಶೇಷವನ್ನೂ ಅಲ್ಲಿಗೆ ತಂದರು. ಇಂದು ಜರ್ಮನಿ, ಪೋಲೆಂಡ್ ಎರಡೂ ದೇಶಗಳಿಗೆ ಸೇರಿದ ಮುಸ್ಕಾವ್ ಉದ್ಯಾನವನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾನೂನಿನ ಪ್ರಕಾರ ಅವರ ಮದುವೆ ಬಾಳಿದ್ದು ಒಂಬತ್ತು ವರ್ಷ. ನನ್ನ ಪ್ರಕಾರ, ಅದಾದ ಮೇಲಿನ ಇಪ್ಪತ್ತೆಂಟು ವರ್ಷಗಳೂ ದಾಂಪತ್ಯವೇ.