ಅರಿಯದವರ ಅಪ್ಪುಗೆ

ಗೋಲಾದಾಗ ಪಕ್ಕದವನನ್ನು ಅಪ್ಪಿಕೊಳ್ಳುವುದು ಫುಟ್‌ಬಾಲ್ ನೋಡುವವರ ಪದ್ಧತಿ. ಆ ಪಕ್ಕದವನು ಯಾರು, ಊರಾವುದು, ಕುಲವಾವುದು, ಸಂಬಳವೆಷ್ಟು ಎಂದು ಆಗ ಯಾರೂ ಕೇಳುವುದಿಲ್ಲ; ಕೇಳುವಷ್ಟು ವ್ಯವಧಾನವೂ ಇರುವುದಿಲ್ಲ. ಚೆಂಡು ಬಲೆಗೆ ಬಿತ್ತು, ತೋಳು ತಾನಾಗಿ ಚಾಚಿತು, ಅಷ್ಟೆ. ಅರ್ಧ ನಿಮಿಷ ಕಳೆದ ಮೇಲೆ ಇಬ್ಬರೂ ಅಂಗಿ ಸರಿಪಡಿಸಿಕೊಂಡು ಮತ್ತೆ ಮೈದಾನದ ಕಡೆಗೆ ತಿರುಗುತ್ತಾರೆ. ಇಂಥ ಅಪ್ಪುಗೆಗೆ ಬೆಲೆಯೆಷ್ಟು ಎಂಬ ಪ್ರಶ್ನೆ ಬಹುಮಂದಿಗೆ ಏಳುವುದೇ ಇಲ್ಲ. ನನಗೆ ಎದ್ದಿದೆ, ಏಕೆಂದರೆ ನಾನು ಸಲಿಂಗಪ್ರೇಮಿ. ನನ್ನನ್ನು ಅಪ್ಪಿಕೊಂಡವನಿಗೆ ಅದು ತಿಳಿದಿದ್ದರೆ ಆ ತೋಳು ಚಾಚುತ್ತಿತ್ತೆ? ತಿಳಿಯದೆ ಕೊಟ್ಟದ್ದನ್ನು ನನ್ನದೆಂದು ನಾನು ಇಟ್ಟುಕೊಳ್ಳಬಹುದೆ?

ನನ್ನ ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು. ತ್ರಿಪುರಸುಂದರಿ ಅಮ್ಮನವರ ದೇವಸ್ಥಾನದಿಂದಲೂ ಜಾತ್ರೆಯಿಂದಲೂ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಊರು; ಸಿನಿಮಾ ನೋಡುವವರಿಗೆ ನೃತ್ಯ ನಿರ್ದೇಶಕ ಮೂಗೂರು ಸುಂದರ್ ಅವರ ಹೆಸರಿನಿಂದ ಗೊತ್ತು. ಫುಟ್‌ಬಾಲಿಗೂ ನಮ್ಮೂರಿಗೂ ಅಂಥ ನಂಟೇನೂ ಇಲ್ಲ. ನಾನು ಹುಡುಗನಾಗಿದ್ದಾಗ ಕಬಡ್ಡಿ ಇತ್ತು, ವಾಲಿಬಾಲ್ ಇತ್ತು, ಕ್ರಿಕೆಟ್ಟಂತೂ ಎಲ್ಲಿಲ್ಲ ಹೇಳಿ! ನನಗೆ ಫುಟ್‌ಬಾಲಿನ ರುಚಿ ಹತ್ತಿದ್ದು 2002ರ ವಿಶ್ವಕಪ್ಪಿನಲ್ಲಿ. ಆ ಸಲದ ಆಟ ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ನಡೆದದ್ದರಿಂದ ನಮ್ಮ ಗಡಿಯಾರಕ್ಕೆ ಅದು ಹಗಲಾಟವಾಯಿತು. ನಿದ್ದೆಗೆಟ್ಟು ಟೀವಿ ನೋಡಿ ಮನೆಯಲ್ಲಿ ಬೈಸಿಕೊಳ್ಳುವ ಪ್ರಮೇಯವಿರಲಿಲ್ಲ. ಜೂನ್ 30ರ ಸಂಜೆ ಬ್ರೆಜಿಲಿನ ರೊನಾಲ್ಡೊ ಜರ್ಮನಿಯ ಮೇಲೆ ಎರಡು ಗೋಲು ಹೊಡೆದ. ಅವನ ಬೆನ್ನ ಮೇಲಿದ್ದ ಅಂಕಿ 9.

ಈ ಒಂಬತ್ತರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗನೊಬ್ಬನ ನಡಿಗೆ ಕೊಂಚ ಮೆದುವಾಗಿದ್ದರೆ, ದನಿ ಸಣ್ಣದಾಗಿದ್ದರೆ, ಅವನನ್ನು ನಮ್ಮ ಜನ 'ಒಂಬತ್ತು' ಎಂದು ಕರೆಯುತ್ತಾರೆ. ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂಬುದು ಆ ಬೈಗುಳದ ತಾತ್ಪರ್ಯ. ನಾನು ಓದಿದ ಶಾಲೆಯಲ್ಲಿ ಹಾಜರಿ ಕರೆಯುವಾಗ ಆ ನಂಬರು ಬಂದರೆ ತರಗತಿಯೆಲ್ಲ ಕಿಸಕ್ಕೆಂದು ನಗುತ್ತಿತ್ತು. ಅದು ನನ್ನ ನಂಬರಲ್ಲ. ಆದರೂ ಮೇಷ್ಟರು ಎಂಟೆಂದೊಡನೆ ದಿನವೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥ ಅಂಕಿಯನ್ನು ಒಬ್ಬ ಗಂಡಸು ಹೆಮ್ಮೆಯಿಂದ ಬೆನ್ನಿಗೆ ಹಾಕಿಕೊಂಡು ಓಡುತ್ತಾನೆ, ಅವನನ್ನು ಕಂಡು ಲೋಕಕ್ಕೆ ಲೋಕವೇ ಎದ್ದು ನಿಲ್ಲುತ್ತದೆ! ಫುಟ್‌ಬಾಲಿನಲ್ಲಿ 9 ಎಂದರೆ ಗೋಲು ಹೊಡೆಯುವವನ ಅಂಕಿ ಎಂಬ ಸಂಪ್ರದಾಯ ನನಗೆ ಆಮೇಲೆ ತಿಳಿಯಿತು. ಆಟದ ಮೇಲಿನ ನನ್ನ ಪ್ರೀತಿಗೆ ಇದೊಂದೇ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಕಾರಣಗಳಲ್ಲಿ ಇದೂ ಒಂದೆಂದರೆ ಆಗದು.

ನಮ್ಮ ಊರುಗಳಲ್ಲಿ ಗಂಡಸರು ಹೆಗಲ ಮೇಲೆ ಕೈಹಾಕಿಕೊಂಡು, ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು ಸಂತೆಗೆ ಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಅದರಲ್ಲಿ ಯಾರಿಗೂ ಏನೂ ಕಾಣುವುದಿಲ್ಲ; ಕಾಣಬೇಕಾದ್ದೂ ಇಲ್ಲ. ಆದರೆ ಅದಕ್ಕೊಂದು ಹೆಸರು ಅಂಟಿಕೊಂಡಿತೆನ್ನಿ, ಅದೇ ಕೈ, ಅದೇ ಹೆಗಲು, ಕೂಡಲೇ ಊರ ಕಣ್ಣು ಅಲ್ಲಿ ನೆಟ್ಟು ನಿಲ್ಲುತ್ತದೆ. ಫುಟ್‌ಬಾಲ್ ಮೈದಾನವೂ ಹೀಗೆಯೇ. ಗಂಡಸರು ನಾಲ್ಕು ಜನರ ಎದುರಿಗೆ ಅಳಬಹುದಾದ, ಒಬ್ಬರನ್ನೊಬ್ಬರು ಮುದ್ದಿಸಬಹುದಾದ ಸ್ಥಳ ಲೋಕದಲ್ಲಿ ಇನ್ನೊಂದಿಲ್ಲ. ಇಷ್ಟೊಂದು ಸಲಿಗೆ ಹೇಗೆ ಬಂತು? ನನ್ನಂಥವನು ಅಲ್ಲಿ ಇರಲಾರನೆಂಬ ನಂಬಿಕೆಯಿಂದ ಬಂತು. ಇಂಗ್ಲೆಂಡಿನಲ್ಲಿ ಜಸ್ಟಿನ್ ಫ್ಯಾಶನು ಎಂಬ ಆಟಗಾರ 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ಮಾರಾಟವಾದವನು. ಆ ಬೆಲೆ ಕಂಡ ಮೊದಲ ಕಪ್ಪು ಆಟಗಾರ. 1990ರಲ್ಲಿ ತಾನು ಸಲಿಂಗಪ್ರೇಮಿಯೆಂದು ಪತ್ರಿಕೆಯಲ್ಲಿ ಹೇಳಿಕೊಂಡ. 1998ರಲ್ಲಿ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡ. ಅಲ್ಲಿನ ಮೇಲ್ದರ್ಜೆಯ ವೃತ್ತಿ ಆಟಗಾರರಲ್ಲಿ ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಇನ್ನೊಬ್ಬ ಗಂಡಸು ಬರಲು 2022ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷದ ಜೇಕ್ ಡೇನಿಯಲ್ಸ್ ಎಂಬ ಹುಡುಗ. ಆಟ ನೋಡುವವರು ಮಾತ್ರ ಅಷ್ಟು ಕಾಯಲಿಲ್ಲ. ಸಲಿಂಗಪ್ರೇಮಿ ಬೆಂಬಲಿಗರು 1989ರಲ್ಲೇ ಅಲ್ಲಿ ತಮ್ಮದೊಂದು ಕೂಟ ಕಟ್ಟಿಕೊಂಡರು; ಈಚೆಗೆ ದೊಡ್ಡ ಕ್ಲಬ್ಬುಗಳಿಗೆಲ್ಲ ಅಂಥದೊಂದು ಕೂಟವಿರುವುದು ವಾಡಿಕೆಯಾಗಿದೆ.

ನಮ್ಮ ಕಡೆಗೆ ಬರೋಣ. 2013ನೆಯ ಇಸವಿ ನನ್ನ ಪಾಲಿಗೆ ವಿಚಿತ್ರವಾದದ್ದು. ಆ ವರ್ಷ ವಸುಧೇಂದ್ರರ 'ಮೋಹನಸ್ವಾಮಿ' ಪ್ರಕಟವಾಯಿತು. ನನ್ನಂಥವನೊಬ್ಬ ಕಥಾನಾಯಕನಾದದ್ದನ್ನು ಕನ್ನಡದಲ್ಲಿ ಓದಿದೆ. ಅದೇ ವರ್ಷ ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ, ನನ್ನ ಪ್ರೀತಿಯನ್ನು ಮತ್ತೆ ಅಪರಾಧದ ಪಟ್ಟಿಗೆ ಸೇರಿಸಿತು. ಒಂದು ವರ್ಷದೊಳಗೆ ಒಂದು ಪುಸ್ತಕ, ಒಂದು ತಂಡ, ಒಂದು ಕಲಮು. ನಾನಾಗ ಬೆಂಗಳೂರಿಗೆ ಕೆಲಸಕ್ಕೆಂದು ಬಂದಿದ್ದೆ. ನಗರದಲ್ಲಿ ನಮ್ಮಂಥವರ ಕೂಟಗಳು 1994ರಿಂದಲೇ ಇದ್ದುವು. 2008ರಿಂದ ವರ್ಷಕ್ಕೊಮ್ಮೆ ಮೆರವಣಿಗೆಯೂ ನಡೆಯುತ್ತಿತ್ತು. ಅಲ್ಲಿಗೆ ಹೋದಾಗ ನನ್ನನ್ನು ಬಲ್ಲವರಿದ್ದರು, ಆದರೆ ಆಫ್‌ಸೈಡ್ ಎಂದರೇನೆಂದು ಬಲ್ಲವರು ಸಿಕ್ಕಲಿಲ್ಲ. ಸ್ಟೇಡಿಯಮ್ಮಿನಲ್ಲಿ ಆಫ್‌ಸೈಡಿನ ವಿಷಯಕ್ಕೆ ಜಗಳವಾಡಲು ಸಾವಿರ ಜನ; ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಿಟಿ ಬಸ್ಸಿನಲ್ಲಿ ಓಡಾಡಿಕೊಂಡಿದ್ದೆ.

ತಂಡ ಹುಟ್ಟಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಅದಕ್ಕೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬೆಂಬಲಿಗರ ಬಳಗವುಂಟು. ತೊಂಬತ್ತು ನಿಮಿಷವೂ ನಿಂತೇ ಹಾಡುವವರು. ನಾನು ಅವರಲ್ಲಿ ಒಬ್ಬನೆಂದು ಹೇಳಿಕೊಳ್ಳಲಾರೆ. ನನ್ನ ಗಂಟಲಿಗೆ ಆ ತ್ರಾಣವಿಲ್ಲ. ಅವರ ಕೂಗು ಕೇಳುವಷ್ಟು ದೂರದಲ್ಲಿ ನಿಲ್ಲುವ ಐದಾರು ಮಂದಿಯ ಒಂದು ಗುಂಪು ತಾನಾಗಿ ಬೆಳೆಯಿತು, ನಾನು ಅದಕ್ಕೆ ಸೇರಿದವನು. ಅದರಲ್ಲಿ ನಿವೃತ್ತ ಬ್ಯಾಂಕು ನೌಕರರೊಬ್ಬರಿದ್ದರು. 1968-69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದಾಗ ಅವರು ಚಡ್ಡಿ ಹಾಕುವ ಹುಡುಗ. ಮತ್ತೆ ಅದನ್ನು ಗೆಲ್ಲಲು ಕರ್ನಾಟಕಕ್ಕೆ 2023ರ ಮಾರ್ಚ್‌ವರೆಗೆ, ಐವತ್ತನಾಲ್ಕು ವರ್ಷ ಹಿಡಿಯಿತು. ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ದಿನ ಅವರು ಫೋನಿನಲ್ಲಿ ಮಾತನಾಡಲಾರದೆ ಹೋದರು. ನಮ್ಮ ಪರಿಚಯವಾದದ್ದು 2016ರ ಅಕ್ಟೋಬರ್ 19ರ ರಾತ್ರಿ, ಕಂಠೀರವ ಕ್ರೀಡಾಂಗಣದಲ್ಲಿ. ಎಎಫ್‌ಸಿ ಕಪ್ಪಿನ ಸೆಮಿಫೈನಲ್. ಹಿಂದಿನ ವರ್ಷ ಕಪ್ಪು ಗೆದ್ದ ಮಲೇಷ್ಯದ ಜೋಹೋರ್ ತಂಡ ಮೊದಲು ಗೋಲು ಹೊಡೆಯಿತು. ಆಮೇಲೆ ಸುನಿಲ್ ಚೆಟ್ರಿ ಎರಡು, ಹುವಾನನ್ ಒಂದು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲಿಗೆ ಹೋದದ್ದು ಅದೇ ಮೊದಲು. ಮೂರನೆಯ ಗೋಲಿಗೆ ಆ ಹಿರಿಯರು ನನ್ನನ್ನು ಹಿಡಿದುಕೊಂಡ ಬಿಗಿಗೆ ನನ್ನ ಕನ್ನಡಕದ ಕಡ್ಡಿ ಮುರಿಯಿತು.

ಇದನ್ನೆಲ್ಲ ಕೇಳಿದ ನನ್ನ ಗೆಳೆಯನೊಬ್ಬ, ಅವನೂ ನನ್ನಂಥವನೇ, "ಆ ಅಪ್ಪುಗೆ ಕಳ್ಳನೋಟು ಕಣೋ. ಚಲಾವಣೆಯಾಗುತ್ತದೆ, ಬ್ಯಾಂಕಿಗೆ ಕೊಂಡುಹೋಗಬೇಡ" ಎಂದ. ಮಾತು ಚುರುಕಾಗಿದೆ, ಆದರೆ ನಾನು ಒಪ್ಪಲಿಲ್ಲ. ಸ್ಟ್ಯಾಂಡಿನಲ್ಲಿ ಪೂರ್ತಿ ಅರಿತು ಅಪ್ಪಿಕೊಳ್ಳುವವರು ಯಾರಿದ್ದಾರೆ? ಒಬ್ಬನಿಗೆ ಸಾಲವಿರುತ್ತದೆ, ಒಬ್ಬನ ಹೆಂಡತಿ ಆಸ್ಪತ್ರೆಯಲ್ಲಿರುತ್ತಾಳೆ, ಒಬ್ಬ ಆ ಬೆಳಗ್ಗೆ ತಾನೇ ಕೆಲಸ ಕಳೆದುಕೊಂಡಿರುತ್ತಾನೆ. ಅದನ್ನೆಲ್ಲ ಟಿಕೆಟ್ಟು ಹರಿಸಿಕೊಳ್ಳುವ ಬಾಗಿಲಲ್ಲಿ ಬಿಟ್ಟು ಬಂದಿರುತ್ತಾರೆ. ಅಪ್ಪುಗೆ ಅವರ ಗುಣಕ್ಕೆ ಸಂದದ್ದಲ್ಲ, ಕೂಡಿ ಕಂಡ ಒಂದು ಗೋಲಿಗೆ ಸಂದದ್ದು. ಗೋಲನ್ನು ನಾನೂ ಕಂಡೆ. ಅಷ್ಟರಮಟ್ಟಿಗೆ ಅದು ನನ್ನದೇ. ಕದ್ದದ್ದೇನೂ ಇಲ್ಲ.

ಹೀಗೆ ವಾದಿಸಿ ಗೆದ್ದೆನೇನೋ ಸರಿ. ಆದರೆ ಬಿಟ್ಟು ಬರುವುದು ಬೇರೆ, ಬಚ್ಚಿಟ್ಟುಕೊಂಡು ಬರುವುದು ಬೇರೆ. ಬಿಟ್ಟು ಬಂದವನ ಕೈ ಬರಿದಾಗಿರುತ್ತದೆ, ಎರಡು ತೋಳನ್ನೂ ಚಾಚಬಲ್ಲ. ಬಚ್ಚಿಟ್ಟುಕೊಂಡು ಬಂದವನ ಒಂದು ಕೈ ಯಾವಾಗಲೂ ಅದನ್ನು ಒತ್ತಿ ಹಿಡಿದಿರಬೇಕು. ಸಾಲಗಾರ ಬೇಕಾದರೆ ಪಕ್ಕದವನಿಗೆ ಸಾಲದ ಮಾತು ಹೇಳಿ ಹಗುರಾಗಬಹುದು. ಹೇಳದಿರುವುದು ಅವನ ಇಷ್ಟ. ನನ್ನ ಮೌನ ನನ್ನ ಇಷ್ಟವಾಗಿರಲಿಲ್ಲ. "ಮದುವೆ ಊಟ ಯಾವಾಗ ಹಾಕ್ಸೀಯಪ್ಪ?" ಎಂದು ಮೂಗೂರಿನಲ್ಲಿ ಕೇಳಿದಾಗಲೂ, ಇಂಟರ್ವಲ್ಲಿನಲ್ಲಿ ಕಡಲೆಕಾಯಿ ಹಂಚಿಕೊಳ್ಳುತ್ತ ಗುಂಪಿನವರು ಕೇಳಿದಾಗಲೂ ನನ್ನ ನಗೆ ಒಂದೇ ಆಗಿರುತ್ತಿತ್ತು.

ಬೈಗುಳದ ವಿಷಯವೂ ಇದೆ. ಬೈಗುಳವಿಲ್ಲದ ಫುಟ್‌ಬಾಲ್ ಸಪ್ಪೆಯೆಂದು ಒಪ್ಪುವವರಲ್ಲಿ ನಾನೂ ಒಬ್ಬ. 2018ರ ಜೂನ್‌ನಲ್ಲಿ ಚೆಟ್ರಿಯವರೇ, ಬೈಯುವುದಾದರೂ ಸರಿ, ಸ್ಟೇಡಿಯಮ್ಮಿಗೆ ಬಂದು ಬೈಯಿರಿ ಎಂದು ದೇಶದ ಜನರನ್ನು ಬೇಡಿಕೊಂಡಿದ್ದರು. ರೆಫರಿಯ ಕಣ್ಣು, ಗೋಲಿಯ ಕೈ, ಕೋಚಿನ ತಲೆ, ಯಾವುದನ್ನಾದರೂ ಬೈಯಿರಿ. ಆದರೆ ಕೆಲವು ಬೈಗುಳ ಆಟಗಾರನ ಕಡೆಗೆ ಹೊರಟರೂ ಅವನನ್ನು ಮುಟ್ಟುವುದಿಲ್ಲ. ದಾರಿಯಲ್ಲಿ, ಬೈದವನ ಪಕ್ಕದಲ್ಲಿ ನಿಂತವನಿಗೆ ತಗಲುತ್ತವೆ. ಅದೇ 2018ರ ವಿಶ್ವಕಪ್ಪಿನಲ್ಲಿ ಮೆಕ್ಸಿಕೋದ ಬೆಂಬಲಿಗರು ಎದುರಾಳಿ ಗೋಲಿಯನ್ನು ಇಂಥದೊಂದು ಶಬ್ದದಿಂದ ಕೂಗಿದ್ದಕ್ಕೆ ಫಿಫಾ ಆ ದೇಶದ ಸಂಸ್ಥೆಗೆ ಹತ್ತು ಸಾವಿರ ಸ್ವಿಸ್ ಫ್ರಾಂಕ್ ದಂಡ ಹಾಕಿತು. ದಂಡದಿಂದ ನಾಲಗೆ ತಿದ್ದುವುದಾಗಿದ್ದರೆ ಲೋಕ ಎಂದೋ ನೆಟ್ಟಗಾಗುತ್ತಿತ್ತು.

ನಾನು ಆ ಹಿರಿಯರಿಗೆ ಹೇಳಿದ್ದು 2018ರ ಮಾರ್ಚ್ 17ರ ರಾತ್ರಿ. ಐಎಸ್ಎಲ್ ಫೈನಲ್, ನಮ್ಮದೇ ಮೈದಾನ, ಚೆನ್ನೈಯಿನ್ ಮೇಲೆ 3-2ರಿಂದ ಸೋತಿದ್ದೆವು. ಜನ ಕರಗಲೆಂದು ಮೆಟ್ಟಿಲ ಮೇಲೆ ಕುಳಿತಿದ್ದೆವು. ಆ ಹೊತ್ತಿಗೆ ಅದಿನ್ನೂ ಕಾನೂನಿನ ಕಣ್ಣಿನಲ್ಲಿ ಅಪರಾಧ. ಸೋತ ದಿನವೇ ಏಕೆ ಹೇಳಿದೆನೆಂದರೆ, ಗೆದ್ದ ದಿನದ ಒಪ್ಪಿಗೆಯನ್ನು ನಂಬುವುದು ಕಷ್ಟ. ಮನೆಯಲ್ಲಿ ಇಂಥ ಮಾತು ಹೇಳಬೇಕಾದರೆ ಎದುರುಬದುರು ಕೂರಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು. ಇಲ್ಲಿ ಇಬ್ಬರ ಕಣ್ಣೂ ಬರಿದಾದ ಮೈದಾನದ ಮೇಲಿತ್ತು. ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಮ್ಮನಿಗೆ ಗೊತ್ತೇನಯ್ಯ?" ಎಂದರು.

"ಇಲ್ಲ ಸಾರ್."

"ನನ್ನ ತಮ್ಮನೊಬ್ಬ ಮದುವೆಯಾಗಲಿಲ್ಲ. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. ಕೇಳದೆ ಇರೋದೇ ದೊಡ್ಡತನ ಅಂದುಕೊಂಡಿದ್ದೆವು. ಅವನು ಹೋಗಿ ಆರು ವರ್ಷವಾಯಿತು." ಮತ್ತೆ ಸ್ವಲ್ಪ ಹೊತ್ತಾದ ಮೇಲೆ, "ಏಳು, ಬಸ್ಸು ತಪ್ಪೀತು" ಎಂದರು.

ಯಾರೂ ಕೇಳದಿರುವುದೇ ಮೈದಾನದ ಔದಾರ್ಯವೆಂದು ನನ್ನ ಗೆಳೆಯನಿಗೆ ನಾನು ವಾದಿಸಿದ್ದೆನಲ್ಲ, ಆ ವಾದದ ಇನ್ನೊಂದು ಮಗ್ಗುಲು ಆ ತಮ್ಮನ ಬಾಳಿನಲ್ಲಿತ್ತು. ಅಪರಿಚಿತನು ಕೇಳದಿರುವುದು ಸೌಜನ್ಯ. ಒಡಹುಟ್ಟಿದವನು ನಲವತ್ತು ವರ್ಷ ಕೇಳದಿದ್ದರೆ ಅದಕ್ಕೆ ಅದೇ ಹೆಸರು ಸಲ್ಲುವುದೆ? ಗುಂಪು ಬಳಗವಾಗುವುದು ಇವೆರಡರ ನಡುವೆ ಎಲ್ಲಿಯೋ ಒಂದು ಕಡೆ, ಒಬ್ಬನು ಕೈ ಹಿಂದೆ ತೆಗೆದುಕೊಳ್ಳಬಹುದಾಗಿದ್ದೂ ತೆಗೆದುಕೊಳ್ಳದೆ ಇದ್ದಾಗ ಎಂದು ನನಗೆ ತೋರುತ್ತದೆ.

ಆ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು, ವಯಸ್ಕರು ಪರಸ್ಪರ ಒಪ್ಪಿ ಪ್ರೀತಿಸಿದರೆ ಅದು ಅಪರಾಧವಲ್ಲವೆಂದರು. ಮರುದಿನ ಹಿರಿಯರ ಫೋನು ಬಂತು. ಹೊಸ ಕೋಚಿನ ವಿಷಯ, ಟಿಕೆಟ್ಟಿನ ವಿಷಯ ಕಾಲು ಗಂಟೆ ಮಾತಾಡಿ, ಇಡುವ ಮುಂಚೆ "ಪೇಪರು ನೋಡಿದೆ ಕಣಯ್ಯ" ಎಂದರು. ಮುಂದಿನ ಮಾರ್ಚ್‌ನಲ್ಲಿ, ಮುಂಬಯಿಯ ಫೈನಲಿನ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ನಮ್ಮ ತಂಡ ಗೋವಾವನ್ನು ಸೋಲಿಸಿದಾಗ ನಾವೆಲ್ಲ ಒಂದು ಹೋಟೆಲಿನ ಟೀವಿಯ ಮುಂದಿದ್ದೆವು. ಅದಕ್ಕೆ ಮುಂಚೆ, ಬಿದ್ದ ಆಟಗಾರನೊಬ್ಬನನ್ನು ನೋಡಿ ಪಕ್ಕದ ಮೇಜಿನ ಹುಡುಗನೊಬ್ಬ "ಒಂಬತ್ತು" ಎಂದು ಕೂಗಿದ. ಹಿರಿಯರು ಟೀವಿಯಿಂದ ಕಣ್ಣು ತೆಗೆಯದೆ, "ತಮ್ಮಾ, ಆ ಮಾತು ಬೇಡ. ಬೇರೆ ಏನಾದರೂ ಬೈಯಿ" ಎಂದರು. ಹುಡುಗ ತಬ್ಬಿಬ್ಬಾಗಿ ಸುಮ್ಮನಾದ. ಎರಡು ನಿಮಿಷದ ಮೇಲೆ ರೆಫರಿಯ ವಂಶವನ್ನೆಲ್ಲ ಸಾಂಗವಾಗಿ ಬೈದ. ಆ ರಾತ್ರಿಯ ಗೋಲಿಗೆ ನಾನು ಎರಡು ತೋಳನ್ನೂ ಚಾಚಿದೆ.

ಇದನ್ನು ಹೆಚ್ಚು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಐದಾರು ಮಂದಿಯಲ್ಲಿ ಇಬ್ಬರಿಗೆ ಮಾತ್ರ ನಾನು ಹೇಳಿದ್ದೇನೆ. ಉಳಿದವರು ಊಹಿಸಿದ್ದಾರೋ ಇಲ್ಲವೋ. ಮೂಗೂರಿನಲ್ಲಿ ಇನ್ನೂ ಹೇಳಿಲ್ಲ. ನಾನು ಚೆನ್ನೈ ತಂಡದ ಅಭಿಮಾನಿಯಾಗಿದ್ದರೆ ಆ ಹಿರಿಯರು ನನ್ನ ಜೊತೆ ಮೆಟ್ಟಿಲ ಮೇಲೆ ಕೂರುತ್ತಿದ್ದರೆ? ಸಂದೇಹ. ಬಣ್ಣದ ಅಂಗಿಯೂ ಒಂದು ಜಾತಿಯೇ. ಒಳಗಿನವರನ್ನು ಎಷ್ಟು ಹತ್ತಿರ ತರುತ್ತದೋ ಹೊರಗಿನವರನ್ನು ಅಷ್ಟು ದೂರ ನಿಲ್ಲಿಸುತ್ತದೆ. ಮದುವೆಯ ಹಕ್ಕು ಕೋರಿದವರಿಗೆ ಅದೇ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ, ಅದು ನಮ್ಮ ಕೈಯಲ್ಲಿಲ್ಲ, ಶಾಸನ ಮಾಡುವವರ ಕೆಲಸ ಎಂದಿತು.

ಆ ತೀರ್ಪಿನ ನಂತರದ ಒಂದು ಪಂದ್ಯದ ದಿನ ಹಿರಿಯರು ನನ್ನ ಪಕ್ಕದ ಖಾಲಿ ಜಾಗ ನೋಡಿ, "ನಿಮ್ಮವರು ಬರಲಿಲ್ಲವೆ?" ಎಂದು ಕೇಳಿದರು. ಗಂಡನನ್ನೋ ಹೆಂಡತಿಯನ್ನೋ ಕುರಿತು ಕೇಳುವ ಮಾತು ಅದು; ನನ್ನ ಜೊತೆಗಾರನ ಹೆಸರು ಅವರಿಗೆ ಗೊತ್ತಿದ್ದರೂ ಹಾಗೆ ಕೇಳಿದರು. ಅವನಿಗೆ ಕ್ರಿಕೆಟ್ಟೊಂದು ಬಿಟ್ಟು ಬೇರೆ ಆಟ ಸೇರುವುದಿಲ್ಲ ಸಾರ್ ಎಂದೆ. ಅವರು ನಿಜವಾಗಿಯೂ ಬೇಸರಪಟ್ಟುಕೊಂಡರು. ಅಷ್ಟು ಹೊತ್ತಿಗೆ ಆಟ ಶುರುವಾಯಿತು.