ಅಳತೆಪಟ್ಟಿಗೆ ಸಿಗದ ಓಟ

ಪಾರ್ಸನ್ ರಸೆಲ್ ಟೆರಿಯರ್ ಎಂಬುದು ಇಂಗ್ಲೆಂಡಿನ ಪುಟ್ಟ ಬೇಟೆನಾಯಿ. ಪ್ರದರ್ಶನಗಳಲ್ಲಿ ತೀರ್ಪುಗಾರರು ಅದರ ಮುಂಗಾಲುಗಳ ಹಿಂದಿನ ಎದೆಯನ್ನು ಎರಡೂ ಕೈಗಳಿಂದ ಬಳಸಿ ಹಿಡಿಯುತ್ತಾರೆ. ಬೆರಳುಗಳು ಸುತ್ತು ಬಂದು ಕೂಡಬೇಕು. ಕೂಡದಿದ್ದರೆ ಎದೆ ದಪ್ಪವಾಯಿತೆಂದೇ ಲೆಕ್ಕ. ಅಂಥ ನಾಯಿ ನರಿಯ ಬಿಲದಲ್ಲಿ ಸಿಕ್ಕಿಬಿದ್ದೀತು. ತಳಿಯ ಅಳತೆ ಇರಬೇಕಾದದ್ದೇ ಹೀಗೆ, ಕೆಲಸದ ಹೊಟ್ಟೆಯಲ್ಲಿ ಹುಟ್ಟಿದ್ದು. ತಳಿಗೆ ಹೆಸರು ಕೊಟ್ಟ ಪಾದ್ರಿ ಜಾನ್ ರಸೆಲ್, 1873ರಲ್ಲಿ ಆರಂಭವಾದ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಮೊದಲ ಸದಸ್ಯರಲ್ಲೊಬ್ಬ. ಊರವರ ನಾಯಿಗಳಿಗೆ ತೀರ್ಪು ಕೊಟ್ಟ ಈ ಆಸಾಮಿ ತನ್ನ ನಾಯಿಗಳನ್ನು ಮಾತ್ರ ಪ್ರದರ್ಶನಕ್ಕೆ ಇಳಿಸಲಿಲ್ಲ.

ನಮ್ಮ ಮುಧೋಳದ ನಾಯಿಗೂ ಅಳತೆ ಇದೆ. ಗಂಡು 68ರಿಂದ 72 ಸೆಂ.ಮೀ. ಎತ್ತರ, ಹೆಣ್ಣು 64ರಿಂದ 68. ನೀಳ ಮುಖ, ಆಳವಾದ ಎದೆ, ಒಳಗೆ ಸರಿದ ಹೊಟ್ಟೆ. ಇವೆಲ್ಲ ಯಾರದೋ ಸೌಂದರ್ಯಪ್ರಜ್ಞೆಯಿಂದ ಬಂದದ್ದಲ್ಲ. ಎದೆಯ ಆಳ ಹೃದಯ, ಶ್ವಾಸಕೋಶಗಳಿಗೆ ಜಾಗ ಮಾಡಿದರೆ, ಒಳಸರಿದ ಹೊಟ್ಟೆ ಹಿಂಗಾಲುಗಳು ಮುಂಗಾಲನ್ನು ದಾಟಿ ಮುಂದೆ ಬೀಳಲು ಎಡೆ ಕೊಡುತ್ತದೆ. ನಾಗಾಲೋಟದಲ್ಲಿ ಈ ನಾಯಿ ಒಂದೊಂದು ನೆಗೆತಕ್ಕೂ ಎರಡೆರಡು ಸಲ ಪೂರ್ತಿ ಗಾಳಿಯಲ್ಲಿರುತ್ತದೆ, ಮೈ ಚಾಚಿದಾಗೊಮ್ಮೆ, ಮುದುರಿದಾಗೊಮ್ಮೆ. ಮೂಸಿ ಹುಡುಕುವ ಜಾತಿಯಲ್ಲ ಇದು. ದೂರದಲ್ಲೇನೋ ಮಿಸುಕಿದ್ದು ಕಂಡರೆ ಸಾಕು, ಹೊರಟೇ ಬಿಟ್ಟಿತು.

ಆ ಕಡೆಯವರ ಬಾಯಲ್ಲಿ ಇದು ಬ್ಯಾಟಿ ನಾಯಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬ್ಯಾಟಿ ಅಪರಾಧವಾಯಿತು, ಮೊಲಕ್ಕೂ ರಕ್ಷಣೆ ಸಿಕ್ಕಿತು. ಆಗಬೇಕಾದದ್ದೇ. ಅಲ್ಲಿಯವರೆಗೆ ಈ ತಳಿಯ ಪರೀಕ್ಷಕ ಅಂದರೆ ಮೊಲ. ಅದಕ್ಕೆ ಸೋತ ನಾಯಿಯ ಮರಿಯನ್ನು ಕೇಳುವವರಿರಲಿಲ್ಲ. ಈಗ ಆ ಜಾಗದಲ್ಲಿ ಟೇಪು ಕೂತಿದೆ. ಎತ್ತರ ಟೇಪಿಗೆ ಸಿಗುತ್ತದೆ. ಗಕ್ಕನೆ ತಿರುಗಬಲ್ಲ ಸೊಂಟ, ಕಲ್ಲುನೆಲದಲ್ಲಿ ಒಡೆಯದ ಅಂಗಾಲು, ಅಟ್ಟಿದ್ದನ್ನು ಕೈಬಿಡದ ಹಟ ಸಿಗುವುದಿಲ್ಲ. ನೋಡಿದವರು ಹೌದೌದು ಎನ್ನುವಂಥ ಮೈಕಟ್ಟಿನ, ಓಡಲು ಮನಸ್ಸೇ ಇಲ್ಲದ ನಾಯಿ ಕೆಲವೇ ತಲೆಮಾರುಗಳಲ್ಲಿ ತಯಾರಾದೀತು.

ಗೌರವಕ್ಕೇನೂ ಕೊರತೆಯಿಲ್ಲ. 2005ರಲ್ಲಿ ಅಂಚೆಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಹೆಮ್ಮೆಯ ಮಾತೇ, ಆದರೆ ಸೇನೆಗೆ ಬೇಕಾದದ್ದು ಕಾವಲು, ಸ್ಫೋಟಕ ಪತ್ತೆ ಇಂಥ ಕೆಲಸ, ಮೊಲ ಕೇಳುತ್ತಿದ್ದ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಅದನ್ನು ರಕ್ತವಿಲ್ಲದೆ ಕೇಳುವ ಉಪಾಯ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ಆರಂಭದಲ್ಲೇ ಸಿಕ್ಕಿತು. ಮೈದಾನದಲ್ಲಿ ಹಗ್ಗ ಹಾಸಿ, ಅದಕ್ಕೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಯಂತ್ರದಿಂದ ಅಂಕುಡೊಂಕಾಗಿ ಎಳೆಯುತ್ತಾರೆ. ನಾಯಿಗಳಿಗೆ ಅಷ್ಟು ಸಾಕು. ವೇಗ, ಚುರುಕು, ದಮ್ಮು, ಉತ್ಸಾಹ ಎಲ್ಲಕ್ಕೂ ಅಂಕವಿದೆ. ಮುಧೋಳ ತಾಲ್ಲೂಕಿನಲ್ಲಿ ಇಂಥ ಓಟವನ್ನು ವರ್ಷಕ್ಕೊಮ್ಮೆ ಏರ್ಪಡಿಸಿ, ಓಡಿ ಗೆದ್ದ ನಾಯಿಗಳನ್ನೇ ಸಂತಾನಕ್ಕೆ ಆರಿಸಿದರೆ ಪ್ರಶಸ್ತಿ ಫಲಕಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ. ಹಗ್ಗ, ಚೀಲ, ಒಂದು ಮೋಟರು. ಖರ್ಚಾದರೂ ಏನು ಮಹಾ!

ಇನ್ನು ಬೆಂಗಳೂರಿನ ಫ್ಲ್ಯಾಟಿಗೆ ಮುಧೋಳದ ಮರಿ ತರುವವರ ವಿಚಾರ. ಬೆಕ್ಕು ಕಂಡರೆ ಹಗ್ಗ ಕಿತ್ತುಕೊಂಡು ಹೋಗುತ್ತದೆ, ಕರೆದರೆ ಬರುವುದಿಲ್ಲ ಎಂದು ಅವರು ದೂರುತ್ತಾರೆ. ನಾಯಿ ತನ್ನ ಹುಟ್ಟುಗುಣವನ್ನು ನಡೆಸುತ್ತಿದೆ, ಅಷ್ಟೆ. ಅಟ್ಟಿಕೊಂಡು ಹೋಗುವುದೇ ಅದಕ್ಕೆ ಬಹುಮಾನ. ನಿಮ್ಮ ಕೈಯ ಬಿಸ್ಕತ್ತು ಅದರ ಮುಂದೆ ಏನೂ ಅಲ್ಲ. ಮರಿ ಕೊಳ್ಳುವ ಮುಂಚೆ ಅಪ್ಪ–ಅಮ್ಮನ ಎತ್ತರ ವಿಚಾರಿಸುವುದಿರಲಿ, ದಿನಾ ಬಿಟ್ಟು ಓಡಿಸಲು ಬೇಲಿ ಹಾಕಿದ ಬಯಲು ಹತ್ತಿರದಲ್ಲಿದೆಯೇ ನೋಡಿಕೊಳ್ಳಿ. ಇಲ್ಲವಾದರೆ ದಯವಿಟ್ಟು ಬೇರೆ ನಾಯಿ ಸಾಕಿ.