ಕರುಳು ಯಾರನ್ನು ನಮ್ಮವರೆನ್ನುತ್ತದೆ?

ಎಮ್ಮೆ ಕಟ್ಟಿ ಬಾಳಿದ ಮನೆಗಳಲ್ಲಿ ಬೆಳೆದವರು ಒಂದು ದೃಶ್ಯವನ್ನು ಮರೆತಿರಲಾರರು. ಕರು ಸತ್ತರೆ ತಾಯಿ ಹಾಲು ಇಳಿಸದು. ಆಗ ಹಿರಿಯರು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಎಮ್ಮೆ ಅದನ್ನು ಮೂಸುತ್ತಿತ್ತು, ನೆಕ್ಕುತ್ತಿತ್ತು, ಹಾಲು ಇಳಿಸುತ್ತಿತ್ತು. ಈಚೆಗೆ ಆ ಹುಲ್ಲಿನ ಕರುವೂ ಬೇಡವಾಗಿ, ಕೆಲವರು ಸೂಜಿಮದ್ದು ಚುಚ್ಚಿ ಹಾಲು ಕರೆದುಕೊಳ್ಳುತ್ತಾರೆ. ಆ ಮದ್ದಿನ ಹೆಸರು ಆಕ್ಸಿಟೋಸಿನ್. ಮೊದಲನೆಯದು ಮೋಸವೇ ಆದರೂ ಅದರಲ್ಲಿ ತಾಯಿಯ ವಾತ್ಸಲ್ಯಕ್ಕೆ ಒಂದು ಎಡೆಯಿತ್ತು. ಎರಡನೆಯದಕ್ಕೆ ವಾತ್ಸಲ್ಯದ ಹಂಗೇ ಇಲ್ಲ. ಆದರೂ ಎರಡು ಬಗೆಯಲ್ಲೂ ಹಾಲು ಇಳಿಯುತ್ತದೆ. ಹಾಗಾದರೆ ವಾತ್ಸಲ್ಯವೆಂದು ನಾವು ಕರೆಯುವುದು ಯಾವುದನ್ನು?

ಮದ್ದು ಹೊರಗಿನಿಂದ ಬಂದರೂ ಆ ವಸ್ತು ತಾಯಿಯ ದೇಹದ್ದೇ. ಮೆದುಳಿನ ತಳದ ಹೈಪೊಥಾಲಮಸ್ ಅದನ್ನು ತಯಾರಿಸುತ್ತದೆ, ಪಿಟ್ಯುಟರಿ ಗ್ರಂಥಿಯ ಹಿಂಭಾಗ ಅದನ್ನು ಕೂಡಿಟ್ಟು ರಕ್ತಕ್ಕೆ ಬಿಡುತ್ತದೆ. ಆ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಕುಗ್ಗಿಸುವ ಶಕ್ತಿಯುಂಟೆಂದು 1906ರಲ್ಲಿ ಹೆನ್ರಿ ಡೇಲ್ ಕಂಡುಕೊಂಡರು. ಅದು ಒಂಬತ್ತೇ ಅಮೈನೋ ಆಮ್ಲಗಳ ಪುಟ್ಟ ಸರಪಣಿ. 1953ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಬಂದಿತು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆದು ತಾಯಂದಿರ ಜೀವ ಉಳಿಸುವುದೂ ಇದೇ ಮದ್ದು. ಹೈನುಗಾರಿಕೆಯಲ್ಲಿ ಇದರ ದುರುಪಯೋಗವಾಗುತ್ತಿದೆಯೆಂದು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ತಯಾರಿಕೆಯನ್ನು ನಿಷೇಧಿಸಿ, ದೇಶದ ಬಳಕೆಗೆ ಬೇಕಾದಷ್ಟನ್ನೂ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ಒಪ್ಪಿಸಿತು. ಮದ್ದಿನ ಅಭಾವದಿಂದ ಬಾಣಂತಿಯರಿಗೆ ಆಪತ್ತು ಬಂದೀತೆಂಬ ವಾದಕ್ಕೆ ಓಗೊಟ್ಟು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಎಮ್ಮೆಗಾದ ಅನ್ಯಾಯ, ಬಾಣಂತಿಗೊದಗುವ ಕಾಪು ಎರಡೂ ಒಂದೇ ಸೀಸೆಯಲ್ಲಿದ್ದವು.

ನಮ್ಮ ನುಡಿ ಈ ವಿಷಯದಲ್ಲಿ ವಿಜ್ಞಾನಕ್ಕಿಂತ ಮೊದಲೇ ಒಂದು ನಿಲುವು ತಳೆದಿದೆ. ಕನ್ನಡಿಗರಿಗೆ ಮರುಕವು ತಲೆಯಲ್ಲಿ ಹುಟ್ಟುವುದಲ್ಲ. ಕರುಳು ಚುರುಕ್ ಎನ್ನುತ್ತದೆ, ಕರುಳು ಕರಗುತ್ತದೆ; ಮಕ್ಕಳು ಕರುಳಕುಡಿಗಳು. ಅಸೂಯೆಯೂ ಅಲ್ಲಿಯದೇ, ಹೊಟ್ಟೆಯುರಿ. ಆದ್ದರಿಂದ ಮರುಕದ ಮೂಲ ದೇಹದಲ್ಲಿದೆಯೆಂದು ಯಾರಾದರೂ ಹೇಳಿದರೆ ನಾವು ಬೆಚ್ಚಬೇಕಾದುದಿಲ್ಲ. ಹಸಿವಿಗೂ ದೇಹದ ರಸಗಳೇ ಕಾರಣ. ಅಷ್ಟರಿಂದ ಅನ್ನವಿಟ್ಟವಳ ಋಣ ಕಡಿಮೆಯಾಗದು. ನಮ್ಮನ್ನು ಕಾಡಬೇಕಾದ ಪ್ರಶ್ನೆ ಬೇರೆ. ಈ ಕರುಳು ಯಾರಿಗಾಗಿ ಕರಗುತ್ತದೆ, ಯಾರ ಮುಂದೆ ಕಲ್ಲಾಗುತ್ತದೆ?

ಆಕ್ಸಿಟೋಸಿನ್ನನ್ನು ಮೂಗಿಗೆ ಸಿಂಪಡಿಸಿದರೆ ಮನುಷ್ಯರು ಅಪರಿಚಿತರನ್ನು ಹೆಚ್ಚು ನಂಬುತ್ತಾರೆಂದು 2005ರಲ್ಲಿ ಜ್ಯೂರಿಕ್‌ನ ಸಂಶೋಧಕರು ಪ್ರಕಟಿಸಿದಾಗ ಪತ್ರಿಕೆಗಳು ಅದನ್ನು ಪ್ರೇಮದ ಹಾರ್ಮೋನೆಂದು ಹೊಗಳಿದವು. ಮುಂದೆ ಇತರರು ನಡೆಸಿದ ಪ್ರಯೋಗಗಳಲ್ಲಿ ಆ ಫಲ ಅಷ್ಟು ಸುಲಭವಾಗಿ ಮರಳಿ ಬರಲಿಲ್ಲ. ಪುರುಷರ ಹಾರ್ಮೋನೆನ್ನುವ ಟೆಸ್ಟೋಸ್ಟೆರಾನ್‌ನದೂ ಇದೇ ಕಥೆ. ಅದು ಪರರ ಮನಸ್ಸನ್ನು ಅರಿಯುವ ಶಕ್ತಿಯನ್ನು ಕುಂದಿಸುತ್ತದೆಂದು ಕೆಲವೇ ಮಹಿಳೆಯರ ಮೇಲಿನ ಪ್ರಯೋಗವೊಂದು 2011ರಲ್ಲಿ ಹೇಳಿತು. 643 ಪುರುಷರನ್ನು ಪರೀಕ್ಷಿಸಿದ 2019ರ ಅಧ್ಯಯನಕ್ಕೆ ಅಂಥದೇನೂ ಕಾಣಲಿಲ್ಲ. ಗಂಡಸರು ತಮ್ಮ ಕಠೋರತೆಗೆ ಹಾರ್ಮೋನಿನ ನೆಪ ಹೇಳುವುದು ಇನ್ನು ಕಷ್ಟವೆಂದು ನಮ್ಮ ಮನೆಯ ಹೆಂಗಸರು ನಕ್ಕಿದ್ದಾರೆ.

ನಮ್ಮನ್ನು ನಿಲ್ಲಿಸಿ ಯೋಚನೆಗೆ ಹಚ್ಚಿದ್ದು ನೆದರ್ಲೆಂಡ್ಸಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ. ಹಲವರನ್ನು ಉಳಿಸಲು ಒಬ್ಬನನ್ನು ಬಲಿಕೊಡಬೇಕಾದ ಧರ್ಮಸಂಕಟವನ್ನು ಅಲ್ಲಿಯ ಯುವಕರ ಮುಂದಿಟ್ಟರು. ಆ ಒಬ್ಬನಿಗೆ ಒಮ್ಮೆ ತಮ್ಮ ನಾಡಿನ ಹೆಸರು, ಒಮ್ಮೆ ಪರನಾಡಿನ ಹೆಸರು. ಆಕ್ಸಿಟೋಸಿನ್ ಪಡೆದವರು ತಮ್ಮ ನಾಡಿನ ಹೆಸರಿನವನನ್ನು ಬಲಿಗೊಡಲು ಹೆಚ್ಚು ಹಿಂಜರಿದರು. ಪರಕೀಯರ ಮೇಲಿನ ದ್ವೇಷಕ್ಕಿಂತ ತಮ್ಮವರ ಮೇಲಿನ ಒಲವೇ ಅಲ್ಲಿ ಮುಖ್ಯವಾಗಿ ಕಂಡದ್ದು. ಇಂಥ ಪ್ರಯೋಗಗಳನ್ನೂ ಕೊನೆಯ ಮಾತೆಂದು ಹಿಡಿಯಬಾರದು, ನಿಜ. ಆದರೂ ‘ನಮ್ಮವ’ ಎಂಬುದನ್ನು ಹಾರ್ಮೋನು ನಿರ್ಧರಿಸಲಿಲ್ಲ. ಒಂದು ಹೆಸರು ನಿರ್ಧರಿಸಿತು. ಆ ಹೆಸರನ್ನು ಗುರುತಿಸಲು ಕಲಿಸಿದವರು ಮನೆಯವರು, ಊರಿನವರು, ಶಾಲೆಯವರು.

ನಾರಾಯಣಪೇಟೆ, ಮಕ್ತಲ್, ಗದ್ವಾಲಿನ ನಮಗೆ ಇದು ದೂರದ ಮಾತಲ್ಲ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯವು. ಆ ವರ್ಷದ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ, ಈ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಲಗಿ ಏಳುವಷ್ಟರಲ್ಲಿ ಒಂದೇ ಜಿಲ್ಲೆಯ ನೆಂಟರು ಎರಡು ರಾಜ್ಯಗಳವರಾದರು. ಯಾರ ಮೆದುಳಿನ ಯಾವ ಗ್ರಂಥಿಗೂ ಆ ಗೆರೆ ತಿಳಿದಿರಲಿಲ್ಲ. ನಾವು ಮಾತ್ರ ಮೆಲ್ಲಗೆ ಕಲಿತೆವು.

ಕಲಿತೆವೆಂಬುದಕ್ಕೆ ಸಾಕ್ಷಿಯನ್ನು ನಾವೇ ಒಪ್ಪಿಕೊಳ್ಳಬೇಕು. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿದವು. ನಮ್ಮ ಮನೆಯಿಂದ ಮೊದಲ ಫೋನು ಹೋದದ್ದು ರಾಯಚೂರು ಸೀಮೆಯ ನೆಂಟರಿಗೆ. ಅವರು ಕ್ಷೇಮವೆಂದು ತಿಳಿದು ನೆಮ್ಮದಿಯಿಂದ ಉಂಡೆವು. ಅದೇ ನದಿಯ ಕೆಳಗಣ ಆಲಂಪುರದ ಕಡೆಯ ಜನ ಮನೆಮಠ ಬಿಟ್ಟು ನಿಂತ ಸುದ್ದಿಗೆ ಅಯ್ಯೋ ಎಂದೆವು, ನಿಜ. ಆದರೆ ಅದು ಉಂಡ ಮೇಲಿನ ಅಯ್ಯೋ. ನೆಂಟರನ್ನು ಮೊದಲು ನೆನೆದುದು ತಪ್ಪಲ್ಲವೆಂದು ಇಂದಿಗೂ ನಂಬುತ್ತೇವೆ. ನೆನಪು ಅಲ್ಲಿಗೇ ನಿಂತು ತೃಪ್ತಿಗೊಂಡದ್ದು ಮಾತ್ರ ಈಗಲೂ ಚುಚ್ಚುತ್ತದೆ. ಬಂದವನನ್ನು ಯಾರವನೆಂದು ವಿಚಾರಿಸದೆ ಮನೆಮಗನೆಂದೆಣಿಸಲು ಬೇಡಿಕೊಂಡ ಬಸವಣ್ಣನವರ ವಚನ ನಮ್ಮ ಮಕ್ಕಳಿಗೆ ಕಂಠಪಾಠವಾಗಿದೆ. ಅದು ಬೇಡಿಕೆಯ ರೂಪದಲ್ಲಿರುವುದನ್ನು ಗಮನಿಸಬೇಕು. ಸಹಜವಾಗಿ ಬರುವುದನ್ನು ಯಾರೂ ಬೇಡುವುದಿಲ್ಲ.

ಕರುಳನ್ನು ಕಲ್ಲಾಗಿಸುವುದರಲ್ಲಿ ಆತಂಕದ ಪಾಲೂ ದೊಡ್ಡದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮಂಜಿನಂಥ ನೀರಿನಲ್ಲಿ ಕೈಯಿಟ್ಟರು. ಜೊತೆಗೆ ಗೆಳೆಯನೂ ಕೈಯಿಟ್ಟಿದ್ದರೆ ನೋವು ಹೆಚ್ಚೆನಿಸಿತು, ಅವನ ನೋವೂ ಸೇರಿತು, ಅಪರಿಚಿತನಿದ್ದರೆ ಹಾಗಾಗಲಿಲ್ಲ. ದೇಹದಲ್ಲಿ ಒತ್ತಡದ ಹಾರ್ಮೋನು ಹುಟ್ಟದಂತೆ ಮದ್ದು ಕೊಟ್ಟಾಗ ಅಪರಿಚಿತನ ನೋವೂ ತಟ್ಟಿತು. ಅಂದರೆ ಹೊರಗಿನವನ ಎದುರಿನಲ್ಲಿ ನಮ್ಮನ್ನು ಮರಗಟ್ಟಿಸುವುದು ದ್ವೇಷವೇ ಆಗಬೇಕೆಂದಿಲ್ಲ, ಅಳುಕೂ ಆಗಬಹುದು. ಬಿತ್ತನೆ ಹತ್ತಿಯ ಸಾಲ ಹೊತ್ತ ಗದ್ವಾಲಿನ ರೈತ, ದುಡಿಮೆಗೆಂದು ದೂರದೂರಿಗೆ ಹೊರಟ ಪಾಲಮೂರಿನ ಕೂಲಿ, ಇವರು ಪರರ ಕಷ್ಟಕ್ಕೆ ಕಿವಿಗೊಡದಿದ್ದರೆ ಕಲ್ಲೆದೆಯವರೆಂದು ತೀರ್ಪು ಕೊಡಲು ನಮಗೆ ಅಧಿಕಾರವಿದೆಯೇ? ಹೊಟ್ಟೆ ತುಂಬಿದ ನಮ್ಮಂಥವರಿಗೆ ಆ ವಿನಾಯಿತಿಯಿಲ್ಲ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯಿತ್ತು. ಮದ್ದಿಲ್ಲದೆ, ಅಪರಿಚಿತರಿಬ್ಬರನ್ನು ಹದಿನೈದು ನಿಮಿಷ ಕೂಡಿಸಿ, ವಾದ್ಯ ನುಡಿಸುವ ಒಂದು ವಿಡಿಯೋ ಆಟ ಆಡಿಸಿದರು. ಅಷ್ಟಕ್ಕೇ ಒಬ್ಬನ ನೋವು ಇನ್ನೊಬ್ಬನಿಗೆ ತಟ್ಟತೊಡಗಿತು.

ಇದನ್ನು ಓದಿದ ಮೇಲೆ ನಮ್ಮ ಸಂಘದ ಕೂಟಗಳು ಕಣ್ಣ ಮುಂದೆ ಬಂದವು. ನಾವು ಸೇರುತ್ತೇವೆ, ಕನ್ನಡದಲ್ಲಿ ಹಾಡುತ್ತೇವೆ, ಕೂಡಿ ಉಣ್ಣುತ್ತೇವೆ, ಒಬ್ಬರಿಗೊಬ್ಬರು ಹತ್ತಿರವಾಗುತ್ತೇವೆ. ತೆಲುಗಿನ ನಡುವೆ ಕನ್ನಡವನ್ನು ಉಳಿಸಿಕೊಳ್ಳಬೇಕಾದವರಿಗೆ ಆ ಬೆಚ್ಚನೆ ಬೇಕೇ ಬೇಕು. ಆದರೆ ಶಾಮಿಯಾನ ಕಟ್ಟಲು ಬಂದವನೂ, ಅಡುಗೆಗೆ ನೀರು ಕೊಟ್ಟ ಪಕ್ಕದ ಮನೆಯವರೂ ತೆಲುಗಿನವರು. ಹಾಡು ಶುರುವಾಗುವ ಹೊತ್ತಿಗೆ ಅವರು ಹೊರಗೆ ನಿಂತಿರುತ್ತಾರೆ. ಬರುವ ಕೂಟದಲ್ಲಿ ಹಾಡಿನ ಹೊತ್ತಿಗೆ ಅವರನ್ನೂ ಕುಟುಂಬಸಮೇತ ಕರೆದು ಮುಂದಿನ ಸಾಲಿನಲ್ಲಿ ಕೂಡಿಸಬೇಕು, ಅವರದೊಂದು ತೆಲುಗು ಹಾಡನ್ನು ನಾವೂ ದನಿಗೂಡಿಸಿ ಹಾಡಬೇಕು ಎಂದು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇವೆ.